ಬಾಗಿಲಾಚೆಯ ಕುರ್ಚಿ

ಭಾನುವಾರ, ಮಧ್ಯಾಹ್ನ

ಪುಟ್ಟಿಯ ಅಪ್ಪನಿಗೆ,

ಗುಬ್ಬಿಯ ನಮಸ್ಕಾರಗಳು. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಪುಟ್ಟಿಯ ಮುಂದಿನ ಹಲ್ಲು ಬಿದ್ದಿದೆ; ಯಾರಾದರೂ ನಗಿಸಿದರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ಅತ್ತೆಯವರ ಮಂಡಿನೋವು ಇದ್ದ ಹಾಗೇ ಇದೆ, ಬಾಯಿಯೂ ಇದ್ದ ಹಾಗೇ ಇದೆ.

ನಿಮ್ಮ ಪತ್ರ ತಲುಪಿತು. ನಾಳೆ ಬಿಟ್ಟು ಮುಂದಿನ ಸೋಮವಾರ ನ್ಯಾಯಾಧೀಶರ ಮುಂದೆ ಏನು ಹೇಳಬೇಕೆಂದು ತೀರ್ಮಾನಿಸಿದ್ದೀರಿ ಎಂದು ತಿಳಿಯಿತು. ಸ್ಕೂಟರ್ ಕದ್ದನೆಂದು ಹಿಡಿದು ತಂದ ಪಂಕ್ಚರ್ ಅಂಗಡಿಯವನನ್ನು ಠಾಣೆಯ ಒಳಕೋಣೆಯಲ್ಲಿ ವಿಚಾರಿಸುವಾಗ ನೀವು ಹೊರಗೆ ಕಾವಲು ಕೂತಿದ್ದಿರಿ. ಸಾಹೇಬರು ಹೇಳಿದರೆಂದು ರೇಡಿಯೋ ಜೋರಾಗಿ ಹಾಕಿದ್ದಿರಿ. ಹಾಗಾಗಿ ಏನೂ ಕೇಳಿಸಲಿಲ್ಲ. ಅವನು ಸತ್ತದ್ದು ಬಾಗಿಲು ತೆರೆದ ಮೇಲೇ ಗೊತ್ತಾಯಿತು. ನನಗೂ ಆ ದಿನ ಇದನ್ನೇ ಹೇಳಿದ್ದಿರಿ. ನಾನು ನಂಬಿದ್ದೆ. ನಂಬಿದ ಮೇಲೂ ನಿಮ್ಮ ಮುಖ ನೋಡಲು ಆಗುತ್ತಿರಲಿಲ್ಲ. ನೀವು ವರ್ಗ ಮಾಡಿಸಿಕೊಂಡು ಹೋದಿರಿ.

ನನ್ನ ಕೆಲಸ ಏನೆಂದು ಕೇಳಿದ್ದೀರಿ. ಸಿನಿಮಾಗಳಿಗೆ ಸದ್ದು ಸೇರಿಸುವ ಸ್ಟುಡಿಯೋ. ಪರದೆಯ ಮೇಲೆ ಯಾರಾದರೂ ನಡೆದರೆ ನಾನು ಮೈಕಿನ ಮುಂದೆ ನಡೆಯಬೇಕು. ಹೊಡೆದರೆ ಹತ್ತಿಯ ಮೂಟೆಗೆ ಒದ್ದೆ ಟವೆಲಿನಿಂದ ಹೊಡೆಯಬೇಕು. “ಮೂಟೆಗೆ ಹೊಡೆಯೋಕೆ ಇವಳಿಗೆ ಸಂಬಳವಂತೆ! ನಾನು ಜೀವಮಾನವೆಲ್ಲ ಬಿಟ್ಟಿ ಬಟ್ಟೆ ಒಗೆದೆನಲ್ಲೇ” ಎಂದು ಅತ್ತೆಯವರು ಪಕ್ಕದ ಮನೆಗೆ ಕೇಳುವ ಹಾಗೆ ಹೇಳುತ್ತಾರೆ.

ಈಗ ಬಂದಿರುವುದು ಒಂದು ಥ್ರಿಲ್ಲರ್. ಯಾರೋ ಹುಡುಗಿಯೊಬ್ಬಳನ್ನು ಎತ್ತಿಕೊಂಡು ಹೋಗಿ ಬಚ್ಚಿಟ್ಟಿದ್ದಾರೆ. ಎಲ್ಲಿ ಎಂದು ಬಾಯಿ ಬಿಡಿಸಲು ಇನ್ಸ್‌ಪೆಕ್ಟರು ಅನುಮಾನದ ಮೇಲೆ ಹಿಡಿದವನೊಬ್ಬನನ್ನು ಕೋಣೆಗೆ ಹಾಕಿ ಹೊಡೆಯುತ್ತಾನೆ. ನಿರ್ದೇಶಕರು ಹೊಡೆತ ತೋರಿಸುವುದಿಲ್ಲ. ಮುಚ್ಚಿದ ಬಾಗಿಲು, ಹೊರಗೆ ಕುರ್ಚಿಯಲ್ಲಿ ಕಾನ್‌ಸ್ಟೇಬಲ್, ರೇಡಿಯೋ. ಆಮೇಲೆ ಕೋರ್ಟಿನಲ್ಲಿ ಅವನು, ರೇಡಿಯೋ ಇತ್ತು, ಏನೂ ಕೇಳಿಸಲಿಲ್ಲ ಎನ್ನುತ್ತಾನೆ. ನಾನು ಯಾರ ಹೆಂಡತಿ ಎಂದು ಸ್ಟುಡಿಯೋದಲ್ಲಿ ಯಾರಿಗೂ ಗೊತ್ತಿಲ್ಲ.

“ಹುಡುಗಿ ಸಿಕ್ತಾಳಲ್ಲ ಸಾರ್, ನಾಲ್ಕು ಏಟು ಬಿದ್ರೆ ಏನೀಗ?” ಎಂದು ಸೌಂಡ್ ಇಂಜಿನಿಯರ್ ಕೇಳಿದರು.

“ಅವನಿಗೆ ಗೊತ್ತೇ ಇಲ್ಲದಿದ್ರೆ? ಎಷ್ಟನೇ ಏಟಿಗೆ ನಿಲ್ಲಿಸ್ತೀಯಪ್ಪ?” ಎಂದರು ನಿರ್ದೇಶಕರು.

“ನನ್ನನ್ಯಾಕೆ ಕೇಳ್ತೀರಿ? ನಾನು ಕಂಟ್ರೋಲ್ ರೂಮಿನ ಗಾಜಿನ ಆಚೆ ಕೂತೋನು” ಎಂದು ಇಂಜಿನಿಯರ್ ನಕ್ಕರು. ಎಲ್ಲರೂ ನಕ್ಕರು.

ನಿಜವಾಗಿ ಹೇಗೆ ಕೇಳುತ್ತದೆ ನೋಡೋಣವೆಂದು ಮೊನ್ನೆ ಸಾಮಾನು ಕೋಣೆಯ ಹೊರಗೆ ಕುರ್ಚಿ, ಪಕ್ಕದಲ್ಲಿ ರೇಡಿಯೋ ಇಟ್ಟರು. ಬಾಗಿಲು ಮುಚ್ಚಿಕೊಂಡು ನನ್ನ ಜೊತೆಗಾರ ಮೂಟೆಗೆ ಹೊಡೆಯಬೇಕು. ಕಾನ್‌ಸ್ಟೇಬಲ್ ಜಾಗದಲ್ಲಿ ಮೈಕು ಹಿಡಿದು ನಾನು ಕೂರಬೇಕು. ಹಾಡು ಜೋರಾಗಿಯೇ ಇತ್ತು. ಆದರೂ ಏಟು ಗೊತ್ತಾಯಿತು, ಕಿವಿಗಿಂತ ಮೊದಲು ಬೆನ್ನಿಗೆ. ರೇಡಿಯೋ ಹೆಚ್ಚಿಸಿದರು. ಹಾಡುವವನು ಉಸಿರು ತೆಗೆದುಕೊಳ್ಳುವ ಕಡೆಯೆಲ್ಲ ಮತ್ತೆ ಕೇಳಿಸಿತು. ಪೂರ್ತಿ ತಿರುಗಿಸಿದರು. ಹಾಡು ಒಡೆದುಹೋಯಿತು, ಏಟು ಹಾಗೇ ಇತ್ತು.

“ಇದು ಮುಚ್ಚೋದಿಲ್ಲ ಸಾರ್. ಕೇಳಿಸಬಾರ್ದು ಅಂದ್ರೆ ನಾನೇ ಆ ಸದ್ದು ಅಳಿಸಬೇಕು” ಎಂದರು ಇಂಜಿನಿಯರ್.

“ಬೇಡ, ಇರಲಿ ಬಿಡು. ಅವನು ಸುಳ್ಳು ಹೇಳ್ತಿದಾನೆ ಅಂತ ನೋಡೋರಿಗೆ ಗೊತ್ತಾಗ್ಲಿ.”

ನಾನು ಮೈಕು ಕೊಟ್ಟು, ನೀರು ಕುಡಿದು ಬಂದೆ. ಅದು ಹತ್ತಿಯ ಮೂಟೆ. ಅದಕ್ಕೆ ಬಾಯಿಯೂ ಇರಲಿಲ್ಲ.

ನೀವು ಅವನ ಮೇಲೆ ಕೈ ಮಾಡಿಲ್ಲ ಎಂಬುದನ್ನು ಈಗಲೂ ನಂಬುತ್ತೇನೆ. ನಿಜ ಹೇಳಿದರೆ ಕೆಲಸ ಹೋಗಬಹುದು, ಸಾಹೇಬರೂ ಸುಮ್ಮನಿರಲಿಕ್ಕಿಲ್ಲ. ನನ್ನ ಸಂಬಳದಲ್ಲಿ ಮನೆ ನಡೆಯುತ್ತದೆ. ಅತ್ತೆಯವರು ಬಯ್ಯಬಹುದು, ಬಯ್ಯಲಿ. ಆ ಸ್ಕೂಟರ್ ಇವತ್ತಿಗೂ ಸಿಕ್ಕಿಲ್ಲವಂತೆ.

ಸೋಮವಾರ ಏನು ಹೇಳುತ್ತೀರೋ ಅದು ನಿಮಗೆ ಬಿಟ್ಟದ್ದು. ಕೇಳಿಸಲಿಲ್ಲ ಎಂದು ನನಗೆ ಮಾತ್ರ ಇನ್ನೊಮ್ಮೆ ಬರೆಯಬೇಡಿ.

ನಿಮ್ಮ
ಗುಬ್ಬಿ

ವಿ.ಸೂ.: ಇದನ್ನು ಬರೆಯಲು ಕೂರುವ ಮುಂಚೆ ಪಂಕ್ಚರ್ ಅಂಗಡಿಗೆ ಹೋಗಿದ್ದೆ. ಈಗ ಅವನ ಹೆಂಡತಿಯೇ ಟೈರು ಬಿಚ್ಚುತ್ತಾಳೆ. ನಾನು ಯಾರೆಂದು ಹೇಳಿದೆ. ಅವಳು ಬಯ್ಯಲಿಲ್ಲ, ಕೂರಿ ಎನ್ನಲೂ ಇಲ್ಲ. “ಕೊನೇಲಿ ನಮ್ಮವರು ಏನಂತ ಕೂಗಿದ್ರು, ಅಕ್ಕ?” ಎಂದಷ್ಟೇ ಕೇಳಿದಳು. ಸೋಮವಾರ ನಮ್ಮವರು ಹೇಳುತ್ತಾರೆ ಎಂದು ಹೇಳಿ ಬಂದಿದ್ದೇನೆ.