ಜಾಗ ಬದಲಿಸಿದ ಕಪಾಟು

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ,

ಹೇಗಿದ್ದೀಯ? ಕೈನಡುಕ ಕಡಿಮೆಯಾಯಿತೇ? ಈ ಸಲ ನಿನ್ನ ಕಾಗದದಲ್ಲಿ ಅಕ್ಷರ ನೆಟ್ಟಗಿದೆ, ಸಂತೋಷ. ವ್ಯಸನಮುಕ್ತಿ ಕೇಂದ್ರದ ಊಟ ಸಪ್ಪೆ ಎಂದು ಬರೆದಿದ್ದೀಯ, ಒಗ್ಗುತ್ತದೆ ಬಿಡು. ನಾನು ಚೆನ್ನಾಗಿದ್ದೇನೆ. ತಮ್ಮನೂ ಆರೋಗ್ಯವಾಗಿದ್ದಾನೆ. ಮೀಸೆ ಬಲಿತರೂ ನಮಗಿಬ್ಬರಿಗೂ ಅವನು ಪಾಪುವೇ ತಾನೆ.

"ಕುಡಿಯೋದು ಬಿಟ್ಟಿದ್ದೀನಿ ಕಣೇ, ಮುಂದಿನ ತಿಂಗಳು ಬಂದು ನಾನೇ ಅವನಿಗೆ ಎಲ್ಲ ಕಲಿಸ್ತೀನಿ, ಸರಿಹೋಗ್ತಾನೆ" ಎಂದಿದ್ದೀಯ. ಅದಕ್ಕೇ ಈ ಉತ್ತರ.

ನನ್ನ ಕೆಲಸ ಗೊತ್ತಲ್ಲ, ಪ್ರಯೋಗಾಲಯದಲ್ಲಿ ಇಲಿಯ ಮಿದುಳನ್ನು ಹಾಳೆಗಿಂತ ತೆಳ್ಳಗೆ ಕತ್ತರಿಸಿ ಗಾಜಿನ ಮೇಲೆ ಹರಡುವುದು. ಬೆಳೆದ ಇಲಿಯ ಮಿದುಳಲ್ಲೂ, ನೆನಪಿನ ಜಾಗದಲ್ಲಿ, ಹೊಸ ಜೀವಕೋಶಗಳು ಹುಟ್ಟುತ್ತವೆ. ಪಂಜರದಲ್ಲಿ ಚಕ್ರ, ಕೊಳವೆ, ಏಣಿ ಇಟ್ಟು ವಾರವಾರವೂ ಜಾಗ ಬದಲಿಸಿದರೆ ಇನ್ನೂ ಹೆಚ್ಚು ಉಳಿಯುತ್ತವೆ. ಇದನ್ನು ನೋಡಿ ನಾನೂ ಪಾಪುವಿಗಾಗಿ ಮನೆಯನ್ನು ಅಂಥ ಪಂಜರ ಮಾಡಿದೆ. ಭಾನುವಾರ ಬಂತೆಂದರೆ ಮಂಚ, ಮೇಜು, ಕಪಾಟು ಎಳೆದಾಡಿದ್ದೇ. ಒಂದು ದಿನ ಪಾಪು ಬಚ್ಚಲು ಹುಡುಕುತ್ತಾ ಕಪಾಟಿನ ಬಾಗಿಲು ತೆಗೆದು, ನನ್ನ ಬಟ್ಟೆಗಳನ್ನೆಲ್ಲ ಒದ್ದೆ ಮಾಡಿ ನಿಂತಿದ್ದ. "ಅಕ್ಕಾ, ನಮ್ಮನೆಗೆ ಕರ್ಕೊಂಡು ಹೋಗೇ" ಎಂದು ಅತ್ತ.

ಆಮೇಲೆ, ಬಸುರಿನಲ್ಲಿ ಮದ್ಯ ಕುಡಿಸಿದ ಇಲಿಗಳ ಮರಿಗಳು ಬೆಳೆದು ನನ್ನ ಕತ್ತಿಯಡಿಗೆ ಬಂದವು. ಅವೂ ಅಂಥದೇ ಪಂಜರದಲ್ಲಿದ್ದವು, ಚಕ್ರವನ್ನು ಅಷ್ಟೇ ಹುರುಪಿನಿಂದ ತುಳಿದಿದ್ದವು. ಗಾಜಿನ ಮೇಲೆ ನೋಡಿದರೆ, ಬೇರೆ ಇಲಿಗಳಲ್ಲಿ ಹೊಸ ಕೋಶಗಳು ಒತ್ತಾಗಿ ಹೊಳೆಯುವ ಕಡೆ ಇವುಗಳಲ್ಲಿ ಅಲ್ಲೊಂದು ಇಲ್ಲೊಂದು. "ಇಲಿ ಬೇರೆ, ಮನುಷ್ಯ ಬೇರೆ, ಅವಸರಪಡಬೇಡಿ" ಎಂದರು ನಮ್ಮ ಮೇಡಂ. ಇರಬಹುದು. ಒಂದು ವ್ಯತ್ಯಾಸ ನನಗೂ ಕಾಣುತ್ತದೆ: ಆ ಇಲಿಗಳಿಗೆ ಕುಡಿಸಿದವರು ನಾವು. ನಿನಗೆ ಯಾರೂ ಕುಡಿಸಲಿಲ್ಲ. ನೀನೇ ತುಂಬು ಬಸುರಿನ ಹೊಟ್ಟೆಯ ಮೇಲೆ ಲೋಟ ಇಟ್ಟುಕೊಂಡು, "ಒಂದು ಗುಟುಕಿಗೆ ಮಗು ಏನು ಕರಗಿಹೋಗುತ್ತಾ?" ಎಂದು ನಗುತ್ತಿದ್ದೆ. ಕರಗಲಿಲ್ಲ ಅಮ್ಮ, ನೀನು ಹೇಳಿದ್ದೇ ಸರಿ. ಆರಡಿ ಬೆಳೆದಿದ್ದಾನೆ.

ಸಾಮಾನುಗಳನ್ನೆಲ್ಲ ಮತ್ತೆ ಹಳೆಯ ಜಾಗಕ್ಕೇ ತಂದಿಟ್ಟಿದ್ದೇನೆ, ನಿನ್ನ ಕುರ್ಚಿಯೊಂದನ್ನು ಬಿಟ್ಟು. ಪಾಪು ಈಗ ಬಚ್ಚಲಿಗೆ ತಾನೇ ಹೋಗಿಬರುತ್ತಾನೆ.

ಮಾತ್ರೆ ತಪ್ಪಿಸಬೇಡ. ನಿನ್ನ ಪಕ್ಕದ ಮಂಚದವರಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ದೊಡ್ಡವಳು

ಬರೆಯಲು ಮರೆತಿದ್ದೆ: ಪಾಪು ದಿನಾ ಬೆಳಿಗ್ಗೆ "ಅಮ್ಮ ಯಾವಾಗ ಬರ್ತಾಳೆ?" ಎನ್ನುತ್ತಾನೆ. "ಸಂಜೆ" ಎನ್ನುತ್ತೇನೆ. ಸಂಜೆಯ ಹೊತ್ತಿಗೆ ಅವನಿಗೆ ಮರೆತಿರುತ್ತದೆ. ನೀನು ಅವನಿಗೆ ಕೊಟ್ಟದ್ದರಲ್ಲಿ ನಮ್ಮ ಉಪಯೋಗಕ್ಕೆ ಬಂದದ್ದು ಈ ಮರೆವೊಂದೇ. ಬರಬೇಡ.