ಓಡದ ಕಾರಿನ ಪೆಟ್ರೋಲು

ಮಾರ್ಚ್ 4, ಬುಧವಾರ. ಬೆಳಿಗ್ಗೆ 6.10

ಹಾಲು ಎಡಗಡೆ ಹದಿನಾಲ್ಕು ನಿಮಿಷ, ಬಲಗಡೆ ಒಂಬತ್ತು. ತೇಗು ಬಂತು. ಸ್ವಲ್ಪ ಕಕ್ಕಿದಳು. ರಾತ್ರಿಯ ನಿದ್ದೆ — ಅವಳದು ಎಂಟು ಗಂಟೆ, ತುಂಡು ತುಂಡಾಗಿ. ನನ್ನದು ಎರಡೂಮುಕ್ಕಾಲು. ಇವರದು ನಾನು ಬರೆದಿಡುವುದಿಲ್ಲ, ಗೊರಕೆಯೇ ಹೇಳುತ್ತದೆ.

ಇವತ್ತಿಗೆ ಗುಬ್ಬಿ ಆಸ್ಪತ್ರೆಯಿಂದ ಮನೆಗೆ ಬಂದು ಹದಿನಾಲ್ಕು ವಾರ. ಹತ್ತೂವರೆಗೆ ಲಸಿಕೆ. ಇವರಿಗೆ ರಜೆ ಸಿಗಲಿಲ್ಲವಂತೆ, ಆಟೊದಲ್ಲಿ ಹೋಗು ಅಂದರು. ಕಾರು ಇರುವಾಗ ಆಟೊ ಯಾಕೆ, ನಾನು ಓಡಿಸಬಹುದು ಅಂತ ಡಾಕ್ಟರು ಹೇಳಿ ತಿಂಗಳಾಯಿತಲ್ಲ ಅಂದೆ. ಬೇಡ ಅಂದರು. ಯಾಕೆ ಬೇಡ? ಸುಮ್ಮನೆ ಬೇಡ. ಷೂ ಲೇಸು ಕಟ್ಟುತ್ತಿದ್ದವರು ತಲೆ ಎತ್ತಲಿಲ್ಲ.

ಹದಿನಾರಕ್ಕೆ ನಾನು ಆಫೀಸಿಗೆ ಹೋಗಲೇಬೇಕು. ಅವತ್ತಿನಿಂದ ದಿನಾ ಬೆಳಿಗ್ಗೆ ಗುಬ್ಬಿಯನ್ನು ಅಮ್ಮನ ಮನೆಗೆ ಕಾರಿನಲ್ಲಿ ಬಿಟ್ಟು ಬರುವುದು ಇವರ ಕೆಲಸ. ನನ್ನ ಬಸ್ಸು ಏಳೂವರೆಗೆ, ಇವರ ಕೆಲಸ ಹತ್ತಕ್ಕೆ. ಹದಿನಾಲ್ಕು ಕಿಲೋಮೀಟರು. ಇವರು ಮತ್ತು ಅವಳು, ಇಬ್ಬರೇ. ದಾರಿಯಲ್ಲಿ ಅತ್ತರೆ ಏನು ಮಾಡುತ್ತೀರಿ ಅಂತ ಕೇಳುತ್ತಲೇ ಇದ್ದೇನೆ. ಕೇಳಿದಾಗಲೆಲ್ಲ ಒಂದೇ ಉತ್ತರ, ಆಗುತ್ತೆ ಬಿಡು.

ಮಧ್ಯಾಹ್ನ 1.30

ಕಾರು ಕದಲಲಿಲ್ಲ.

ಕೇಳದೆ ಕೀಲಿ ತೆಗೆದುಕೊಂಡು ಇಳಿದಿದ್ದೆ. ಹೊದಿಕೆ ಸರಿಸಿದರೆ ಧೂಳಿಲ್ಲ, ಗಾಜು ಫಳಫಳ. ಗುಬ್ಬಿಯನ್ನು ಹಿಂದಿನ ಮಗುವಿನ ಸೀಟಿಗೆ ಬಿಗಿದು ಬೆಲ್ಟು ಮೂರು ಸಲ ಎಳೆದು ನೋಡಿದೆ. ಕೀಲಿ ತಿರುಗಿಸಿದ್ದೇ ತಡ, ಎಂಜಿನ್ ಶುರುವಾಯಿತು. ಹ್ಯಾಂಡ್‌ಬ್ರೇಕು ಮಾತ್ರ ಸಿಕ್ಕಾಪಟ್ಟೆ ಮೇಲಕ್ಕೆ ಎಳೆದಿತ್ತು, ಎರಡು ಕೈ ಹಾಕಿ ಇಳಿಸಿದೆ. ಫಸ್ಟ್ ಗೇರು, ಕ್ಲಚ್ ಬಿಟ್ಟೆ — ಮೂತಿ ಎತ್ತಿತು, ಹಿಂಭಾಗ ನೆಲಕ್ಕೆ ಮೊಳೆ ಹೊಡೆದಂತೆ ಕೂತೇ ಇತ್ತು. ಆಫ್ ಆಯಿತು. ರಿವರ್ಸ್ ಹಾಕಿದರೂ ಅದೇ ಕಥೆ. ನಾಲ್ಕನೆಯ ಸಲಕ್ಕೆ ಸುಟ್ಟ ವಾಸನೆ. ಅವಳನ್ನು ಕಿತ್ತುಕೊಂಡು ಹೊರಗೆ ಓಡಿದೆ.

ಕೆಳಮನೆಯ ಟೀಚರ್ ಕಿಟಕಿಯಿಂದಲೇ ಎಲ್ಲ ನೋಡುತ್ತಿದ್ದರು. ರಿಟೈರ್ ಆಗಿ ಎಂಟು ವರ್ಷವಾದರೂ ಇಡೀ ಬಿಲ್ಡಿಂಗಿನ ಹಾಜರಿ ಅವರ ಹತ್ತಿರವೇ ಇರುತ್ತದೆ. ಆಟೊ ಅವರೇ ಕರೆಸಿಕೊಟ್ಟರು.

ಸಂಜೆ 7.20

ಕಾರಿನ ವಿಷಯ ಹೇಳಿದೆ. ಇವರು ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು. ಒರೆಸಿದ್ದೇ ಒರೆಸಿದ್ದು.

"ಮೊನ್ನೆ ಭಾನುವಾರ ಚೆನ್ನಾಗೇ ಓಡ್ತಲ್ಲ," ಅಂದರು.

ಭಾನುವಾರ ತಪ್ಪದೆ ಹತ್ತಕ್ಕೆ ಇಳಿಯುತ್ತಾರೆ. ಕಾರು ನಿಂತಲ್ಲೇ ನಿಂತರೆ ಹಾಳಾಗುತ್ತದೆ, ದೊಡ್ಡ ರಸ್ತೆಯಲ್ಲಿ ಒಂದು ರೌಂಡು ಹೊಡೆದು ತೊಳೆದು ಬರುತ್ತೇನೆ ಅಂತ. ಒಂದೂವರೆ ಗಂಟೆಯ ಮೇಲೆ ಪ್ಯಾಂಟಿನ ಕಾಲು ಒದ್ದೆ ಮಾಡಿಕೊಂಡು ಬರುತ್ತಾರೆ. ನಮ್ಮ ಮನೆ ಮೂರನೇ ಮಹಡಿ, ಹಿಂದುಗಡೆ. ಪಾರ್ಕಿಂಗ್ ಕಾಣಿಸುವುದಿಲ್ಲ. ಇಷ್ಟು ದಿನ ನೋಡಬೇಕು ಅನ್ನಿಸಿಯೂ ಇರಲಿಲ್ಲ.

ಮೆಕ್ಯಾನಿಕ್‌ನ ತಾವೇ ಕರೆಸುತ್ತಾರಂತೆ. ನಾನು ಕರೆಯಬಾರದಂತೆ. ಎರಡು ಸಲ ಹೇಳಿದರು.

ಮಾರ್ಚ್ 5, ಗುರುವಾರ. ಮಧ್ಯಾಹ್ನ 12.45

ಕರೆದೆ.

ಮೆಕ್ಯಾನಿಕ್ ಜ್ಯಾಕ್ ಕೊಟ್ಟು ಹಿಂದಿನ ಎರಡೂ ಚಕ್ರ ಬಿಚ್ಚಿದ. ಒಳಗೆ ಕಬ್ಬಿಣದ ಬೋಗುಣಿಯಂಥದ್ದು, ಅದಕ್ಕೆ ಡ್ರಮ್ ಅಂತಾರೆ. ಬ್ರೇಕ್ ಹಾಕಿದಾಗ ಅದರೊಳಗಿನ ಪಟ್ಟಿ ಅಗಲವಾಗಿ ಡ್ರಮ್ಮನ್ನು ಒತ್ತಿ ಹಿಡಿಯುತ್ತದಂತೆ. ಆ ಪಟ್ಟಿ ಡ್ರಮ್ಮಿಗೇ ಕಚ್ಚಿಕೊಂಡಿತ್ತು. ಎಣ್ಣೆ ಬಿಟ್ಟು, ಸುತ್ತಿಗೆಯಲ್ಲಿ ಸುತ್ತಲೂ ತಟ್ಟಿ ತಟ್ಟಿ, ಮುಕ್ಕಾಲು ಗಂಟೆಗೆ ಒಂದು ಕಡೆ ಬಿಟ್ಟಿತು. ಕೆಂಪು ತುಕ್ಕು ಪುಡಿಪುಡಿಯಾಗಿ ಉದುರಿತು.

"ಗಾಡಿ ತೊಳ್ದು, ಒಂದು ಸುತ್ತೂ ಓಡಿಸ್ದೆ, ಹ್ಯಾಂಡ್‌ಬ್ರೇಕ್ ಎಳ್ದು ಮುಚ್ಚಿಟ್ಟಿದೀರ ಮೇಡಂ. ನೀರು ಒಳಗೇ ಉಳೀತು. ಹೊಸದಾಗಿ ಮದ್ವೆ ಆದೋರ ಹಾಗೆ ಅಂಟ್ಕೊಂಡ್ವು."

ವಾರವಾರ ಓಡುತ್ತಿತ್ತು ಅಂದೆ. ನಕ್ಕ. ಟೈರು ತೋರಿಸಿದ, ನೆಲಕ್ಕೆ ಕೂತ ಜಾಗ ಅಂಗೈಯಷ್ಟು ಚಪ್ಪಟೆ. ತಿಂಗಳುಗಟ್ಟಲೆ ಉರುಳಿಲ್ಲ ಅಂದ. ಆಮೇಲೆ ಒಳಗೆ ಕೂತು ಪೆಟ್ರೋಲ್ ಮುಳ್ಳು ನೋಡಿ ಅದರ ಗಾಜನ್ನು ಬೆರಳಲ್ಲಿ ತಟ್ಟಿದ. ಮುಳ್ಳು ಕೆಂಪು ಗೆರೆಯ ಮೇಲಿತ್ತು.

"ಬ್ಯಾಟ್ರಿ ಗಟ್ಟಿ ಇದೆ, ಪೆಟ್ರೋಲ್ ಖಾಲಿ. ಯಾರೋ ಕೂತ್ಕೊಂಡು ಎಂಜಿನ್ ಓಡಿಸಿದಾರೆ ಮೇಡಂ. ಗಾಡಿ ಓಡಿಸಿಲ್ಲ."

ಇನ್ನು ತೊಳೆದ ಮೇಲೆ ಒಂದೆರಡು ಕಿಲೋಮೀಟರು ಓಡಿಸಿ ಬ್ರೇಕು ಒಣಗಿಸಿ, ತುಂಬ ದಿನ ನಿಲ್ಲಿಸುವುದಾದರೆ ಹ್ಯಾಂಡ್‌ಬ್ರೇಕ್ ಬಿಟ್ಟು ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ ಅಂದ. ತಲೆಯಾಡಿಸಿದೆ. ನನ್ನ ಕಣ್ಣು ಆ ಮುಳ್ಳಿನ ಮೇಲೇ ಇತ್ತು. ಕ್ಯಾನಿನಲ್ಲಿ ಐದು ಲೀಟರ್ ತಂದು ಹಾಕಿ, ಗೇಟಿನ ತನಕ ಓಡಿಸಿ ತೋರಿಸಿ ಹೋದ.

3.10

ಡ್ಯಾಶ್‌ಬೋರ್ಡಿನಲ್ಲಿ ನನ್ನ ಪೆಟ್ರೋಲ್ ಪುಸ್ತಕ ಸಿಕ್ಕಿತು. ಕೊನೆಯ ಸಾಲು ನನ್ನದೇ ಅಕ್ಷರ, ಆಸ್ಪತ್ರೆಗೆ ಹೋಗುವ ದಿನದ್ದು. ನೋವಿನಲ್ಲೂ ಬರೆದಿದ್ದೇನೆ. 48,213 ಕಿ.ಮೀ., 15 ಲೀಟರ್. ಇವತ್ತಿನ ಮೀಟರು 48,232. ಬಂಕಿನಿಂದ ಆಸ್ಪತ್ರೆ ಎಂಟು, ಆಸ್ಪತ್ರೆಯಿಂದ ಮನೆ ಹನ್ನೊಂದು. ಹತ್ತೊಂಬತ್ತು. ಕೂಡಿ ಕಳೆದು ನೋಡಿದರೂ ಹತ್ತೊಂಬತ್ತೇ.

ಗುಬ್ಬಿ ಮನೆಗೆ ಬಂದ ದಿನದಿಂದ ಕಾರು ಪಾರ್ಕಿಂಗಿನ ಈ ಕಂಬದ ಪಕ್ಕ ಬಿಟ್ಟು ಕದಲಿಲ್ಲ.

ಮತ್ತೆ ಭಾನುವಾರ ಇವರು ಎಲ್ಲಿ? ಯಾರ ಜೊತೆ?

ಮಾರ್ಚ್ 6, ಶುಕ್ರವಾರ. ಬೆಳಿಗ್ಗೆ 11.00

ಏನೂ ಆಗದವಳ ಹಾಗೆ ಹೇಳಿದೆ — ಮೆಕ್ಯಾನಿಕ್ ಬಂದಿದ್ದ, ಸಣ್ಣ ತೊಂದರೆ, ಸರಿಹೋಯಿತು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಓಡುತ್ತಾ ಅಂದರು. ಓಡುತ್ತೆ ಅಂದೆ. ಮುಖ ಬಿಳಿಚಿಕೊಂಡಿತು. ಕಾರು ಸರಿಹೋದರೆ ಯಾರಿಗಾದರೂ ಮುಖ ಬಿಳಿಚುತ್ತದೆಯೇ?

ಬಟ್ಟೆ ಒಣಹಾಕುವಾಗ ಟೀಚರ್ ಸಿಕ್ಕರು. ನಿಮ್ಮ ಯಜಮಾನರು ಪಾಪ, ಭಾನುವಾರವೂ ಕಾರಿನಲ್ಲಿ ಕೂತು ಫೋನಿನಲ್ಲಿ ಮಾತಾಡುತ್ತಲೇ ಇರುತ್ತಾರಲ್ಲ, ಅಷ್ಟು ಕೆಲಸವೇ ಅಂದರು. ಆ 'ಪಾಪ'ದಲ್ಲಿ ಒಂದು ಸೇರು ಉಪ್ಪು ಖಾರ ಇತ್ತು. ಹೌದು ಟೀಚರ್, ಮೀಟಿಂಗು ಅಂದೆ.

ಇವರು ಸ್ನಾನಕ್ಕೆ ಹೋದಾಗ ಫೋನು ನೋಡಿದೆ. ಗಂಡಂದಿರ ಫೋನು ತಡಕುವ ಗೆಳತಿಯರನ್ನು ಎಷ್ಟು ಗೇಲಿ ಮಾಡಿದ್ದೇನೆ ನಾನು. ಭಾನುವಾರ ಹತ್ತರಿಂದ ಹನ್ನೊಂದೂವರೆ — ಒಂದೇ ಒಂದು ಕರೆ ಇಲ್ಲ. ಯಾವ ಭಾನುವಾರವೂ ಇಲ್ಲ. ಅಳಿಸಿರಬೇಕು. ಇಲ್ಲವೇ ಇನ್ನೊಂದು ಫೋನು ಇರಬೇಕು. ಇಲ್ಲವೇ ಪಕ್ಕದ ಸೀಟಿನಲ್ಲೇ ಯಾರಾದರೂ… ಇದ್ದಿದ್ದರೆ ಟೀಚರ್ ಸೀರೆಯ ಬಣ್ಣದ ಸಮೇತ ಹೇಳಿಬಿಡುತ್ತಿದ್ದರು.

ಅಮ್ಮ ಫೋನ್ ಮಾಡಿದ್ದಳು. ತೊಟ್ಟಿಲು ತೊಳೆದು ಬಿಸಿಲಿಗೆ ಇಟ್ಟಿದ್ದಾಳಂತೆ. ಹದಿನಾರಕ್ಕೆ ಅಳಿಯಂದಿರು ಎಷ್ಟು ಹೊತ್ತಿಗೆ ಕರೆತರುತ್ತಾರೆ ಅಂತ ಕೇಳಿದಳು. ಎಂಟೂವರೆ ಅಂದೆ. ನಿನ್ನ ದನಿ ಯಾಕೆ ಹೀಗಿದೆ ಅಂದಳು. ನಿದ್ದೆ ಇಲ್ಲ ಅಂದೆ. ಸುಳ್ಳೇನಲ್ಲ.

ಮಾರ್ಚ್ 8, ಭಾನುವಾರ. ಬೆಳಿಗ್ಗೆ 11.50

 ಕ್ರಮವಾಗಿ ಬರೆಯಬೇಕು.

ಹತ್ತಕ್ಕೆ ಇಳಿದರು. ಐದು ನಿಮಿಷ ಬಿಟ್ಟು ಗುಬ್ಬಿಯನ್ನು ಎತ್ತಿಕೊಂಡು ಹಿಂದಿನ ಮೆಟ್ಟಿಲಿಂದ ಟೀಚರ್ ಮನೆಗೆ ಹೋದೆ. ಸಕ್ಕರೆ ಬೇಕಿತ್ತು ಅಂದೆ. ಅವರು ಸಕ್ಕರೆ ಕೊಡಲಿಲ್ಲ, ಕಿಟಕಿಯ ಪಕ್ಕ ಕುರ್ಚಿ ಎಳೆದುಕೊಟ್ಟರು.

ಹೊದಿಕೆ ಮಡಿಸಿಟ್ಟಿದ್ದರು. ಎಂಜಿನ್ ಓಡುತ್ತಿತ್ತು. ಪಕ್ಕದ ಸೀಟು ಖಾಲಿ. ಕಿವಿಗೆ ಫೋನಿಲ್ಲ, ಎರಡು ಕೈಯೂ ಸ್ಟೇರಿಂಗ್ ಮೇಲೆ. ತುಟಿ ಮಾತ್ರ ಅಲ್ಲಾಡುತ್ತಿತ್ತು. ಗೇರು ಬದಲಿಸಿದರು. ಕನ್ನಡಿ ನೋಡಿದರು. ಇಂಡಿಕೇಟರ್ ಹಾಕಿದರು, ಎಡಕ್ಕೆ. ಕಾರು ನಿಂತಲ್ಲೇ ಇದೆ, ಇವರು ಓಡಿಸುತ್ತಿದ್ದಾರೆ. ಇದ್ದಕ್ಕಿದ್ದ ಹಾಗೆ ಹ್ಯಾಂಡ್‌ಬ್ರೇಕನ್ನು ಭುಜ ಜಗ್ಗುವಷ್ಟು ಜೋರಾಗಿ ಎಳೆದರು. ಹಣೆ ಸ್ಟೇರಿಂಗಿಗೆ ಇಟ್ಟರು. ಸ್ವಲ್ಪ ಹೊತ್ತು ಹಾಗೇ. ಆಮೇಲೆ ಮೊದಲಿಂದ — ಕನ್ನಡಿ, ಗೇರು, ತುಟಿ. ಮತ್ತೆ ಅದೇ ಕಡೆ ಬ್ರೇಕು. ನಾಲ್ಕು ಸಲ ನೋಡಿದೆ.

ಕೊನೆಗೆ ಇಳಿದು ಬಕೆಟು ತಂದು ಕಾರಿಗೆ ನೀರು ಹುಯ್ದರು.

ಟೀಚರ್ ಹಿಂದಿನ ಬಾಗಿಲು ತೆರೆದುಕೊಟ್ಟರು. ಇವರು ಮೇಲೆ ಬರುವಷ್ಟರಲ್ಲಿ ನಾನು ಮನೆಯಲ್ಲಿದ್ದೆ. ಒಂದು ರೌಂಡು ಹೋಗಿ ಬಂದೆ, ಈಗ ಸಲೀಸಾಗಿ ಓಡುತ್ತೆ ಅಂದರು. ಹಾಗಾ ಅಂದೆ.

ಸಂಜೆ 4.15

ಊಟವಾದ ಮೇಲೆ ಕೇಳಿಯೇಬಿಟ್ಟೆ. "ನಾನು ಟೀಚರ್ ಮನೆ ಕಿಟಕೀಲಿದ್ದೆ."

ಇವರು ಕೂತರು. ಅಡುಗೆಮನೆಯ ನೆಲದ ಮೇಲೆ, ಸಿಲಿಂಡರ್ ಪಕ್ಕ. ಹೇಳಿದ್ದು ಇಷ್ಟು. ಆಸ್ಪತ್ರೆಯಿಂದ ಬಂದ ದಿನ ನಾನೂ ಗುಬ್ಬಿಯೂ ಹಿಂದೆ ನಿದ್ದೆ ಹೋಗಿದ್ದೆವು. ನಾಲ್ಕು ರಾತ್ರಿ ಇವರು ವಾರ್ಡಿನ ಹೊರಗಿನ ಬೆಂಚಿನ ಮೇಲೇ ಕಳೆದಿದ್ದರು. ಸೇತುವೆ ಇಳಿಜಾರಿನಲ್ಲಿ ಕಣ್ಣು ಮುಚ್ಚಿತು. ಎಷ್ಟು ಹೊತ್ತು ಗೊತ್ತಿಲ್ಲ. ಯಾರದೋ ಹಾರನ್ನಿಗೆ ಕಣ್ಣು ತೆರೆದರೆ ಮುಂದೆ ಲಾರಿಯ ಹಿಂಬದಿ. ಬ್ರೇಕ್ ತುಳಿದಾಗ ಉಳಿದದ್ದು ಒಂದು ಗೇಣು. ನನಗೆ ಎಚ್ಚರವಾಗಲಿಲ್ಲ. ಗುಬ್ಬಿ ಮಾತ್ರ ಒಮ್ಮೆ ಕುಂಯ್ ಅಂದು ಮಲಗಿದಳಂತೆ.

ಅವತ್ತಿನಿಂದ ಗೇರು ಹಾಕಿ ಕ್ಲಚ್ ಬಿಡಬೇಕೆಂದರೆ ಕಾಲು ಮರಗಟ್ಟುತ್ತದೆ. ಅದಕ್ಕೇ ಅಭ್ಯಾಸ. ಕೂತಲ್ಲೇ ಅಮ್ಮನ ಮನೆಯ ದಾರಿ ಬಾಯಲ್ಲಿ ಹೇಳಿಕೊಳ್ಳುತ್ತಾ ಹೋಗುವುದು — ಸಿಗ್ನಲ್, ಎಡಕ್ಕೆ, ಪೆಟ್ರೋಲ್ ಬಂಕ್, ಅದೇ ಸೇತುವೆ. ಸೇತುವೆಗೆ ಬಂದ ಕೂಡಲೇ ಕೈ ತಾನಾಗಿ ಹ್ಯಾಂಡ್‌ಬ್ರೇಕಿಗೆ ಹೋಗುತ್ತದಂತೆ. ನೀರು ಹುಯ್ಯುತ್ತಿದ್ದದ್ದು ನಾನು ನಂಬಲಿ ಅಂತ.

ನನಗೆ ಯಾಕೆ ಹೇಳಲಿಲ್ಲ ಅಂದೆ.

"ಹೇಳಿದ್ರೆ ಮಗೂನ ನನ್ನ ಕೈಗೆ ಕೊಡ್ತಿದ್ಯಾ?"

ಗುಬ್ಬಿ ಅವರ ತೊಡೆಯ ಮೇಲಿದ್ದಳು. ನಾನು ಬಗ್ಗಿ ಎತ್ತಿಕೊಂಡೆ. ಬೇಕಂತಲೇ ಅಲ್ಲ. ಆದರೆ ಎತ್ತಿಕೊಂಡೆ. ಅವರು ನೋಡಿದರು.

ಮಾರ್ಚ್ 13, ಶುಕ್ರವಾರ. ಬೆಳಿಗ್ಗೆ 9.40

ಐದು ದಿನದಿಂದ ಬರೆದಿಲ್ಲ. ಮಾತೂ ಅಷ್ಟೇ — ಉಪ್ಪು, ಹಾಲು, ಬಾಗಿಲು. ಸ್ನಾನ ಮಾಡಿಸಲು ಬಂದರೆ ನಾನೇ ಮಾಡಿಸುತ್ತೇನೆ ಅನ್ನುತ್ತೇನೆ. ಎತ್ತಿಕೊಂಡು ಬಾಲ್ಕನಿಗೆ ಹೋದರೆ ಹಿಂದೆಯೇ ಹೋಗುತ್ತೇನೆ. ಬೇರೆ ಹೆಂಗಸು ಇಲ್ಲ ಅಂತ ಸಮಾಧಾನವಾಗಬೇಕಿತ್ತು. ಈಗ ಇವರ ರೆಪ್ಪೆ ಕಾಯುತ್ತಿದ್ದೇನೆ. ಟಿವಿ ಮುಂದೆ ತೂಕಡಿಸಿದರೆ ಗಡಿಯಾರ ನೋಡಿಕೊಳ್ಳುತ್ತೇನೆ.

ಹಾಗಾದರೆ ನಾನೇ ಬಿಟ್ಟು ಬರುತ್ತೇನೆ, ಆಫೀಸಿಗೆ ತಡವಾದರೆ ಆಗಲಿ ಅಂದೆ ನಿನ್ನೆ. ಇವರು ಜಗಳಕ್ಕೆ ಬರಲಿಲ್ಲ. ನಾನು ಬರೆಯುವ ಈ ಪುಸ್ತಕ ತಂದು ಮುಂದಿಟ್ಟರು. ಓದಿಲ್ಲ, ಓದುವುದೂ ಇಲ್ಲ, ನೀನೇ ನೋಡಿಕೋ ಅಂದು ಹೋದರು. ನೋಡಿದೆ. ನನ್ನ ನಿದ್ದೆಯ ಸಾಲುಗಳು. ಎರಡೂಮುಕ್ಕಾಲು. ಮೂರು. ಎರಡು. ಮೂರೂಕಾಲು. ಎರಡೂವರೆ. ಮಂಗಳವಾರ ಒಲೆಯ ಮೇಲೆ ಹಾಲಿಟ್ಟು ಗೋಡೆಗೊರಗಿ ನಿಂತಲ್ಲೇ ಮಂಪರು ಹತ್ತಿ ಪಾತ್ರೆ ಸೀದಿತ್ತು. ಅದನ್ನು ಬರೆದೇ ಇಲ್ಲ.

ಆಸ್ಪತ್ರೆಯ ನಾಲ್ಕು ರಾತ್ರಿಗೆ ಅವರಿಗೆ ಹಾಗಾದರೆ, ನನ್ನದು ನೂರು ದಾಟಿದೆ.

ಮಾರ್ಚ್ 15, ಭಾನುವಾರ. ಮಧ್ಯಾಹ್ನ 12.30

ಗುಬ್ಬಿಯನ್ನು ಟೀಚರ್ ಹತ್ತಿರ ಬಿಟ್ಟು ಇಬ್ಬರೇ ಹೋದೆವು. ಹೋಗಿ ಬನ್ನಿ, ಸಕ್ಕರೆ ಆಮೇಲೆ ಕೊಡ್ತೀನಿ ಅಂದರು ಟೀಚರ್. ಇವರಿಗೆ ಅರ್ಥವಾಗಲಿಲ್ಲ. ನಾನು ಹೇಳಲೂ ಇಲ್ಲ.

ಗೇಟು ದಾಟುವ ಹೊತ್ತಿಗೇ ಷರಟಿನ ಬೆನ್ನು ಒದ್ದೆ. ಸೇತುವೆಗೆ ಮೊದಲು ಪಕ್ಕಕ್ಕೆ ನಿಲ್ಲಿಸಿದರು. ಕೈ ಹ್ಯಾಂಡ್‌ಬ್ರೇಕಿಗೆ ಹೋಯಿತು. ನಾನು ಮೊದಲೇ ಅದರ ಮೇಲೆ ಕೈ ಇಟ್ಟಿದ್ದೆ. ಎಳೆಯಲು ಬಿಡಲಿಲ್ಲ.  "ಎಷ್ಟು ಗಂಟೆ ಮಲಗಿದ್ರಿ ರಾತ್ರಿ?" ಅಂತ ಕೇಳಿದೆ, ಪೊಲೀಸರ ಹಾಗೆ. "ಆರೂವರೆ" ಅಂದರು. "ನೀನು?" ಹೊರಡಿ ಅಂದೆ.

ಇಪ್ಪತ್ತರ ಸ್ಪೀಡಿನಲ್ಲಿ ಸೇತುವೆ ದಾಟಿದೆವು. ಹಿಂದಿನವರೆಲ್ಲ ಹಾರನ್ ಬಾರಿಸಿ ಬೈದುಕೊಂಡು ಹೋದರು.

ನಾಳೆಗೆ ಅರ್ಧ ದಿನ ಪರ್ಮಿಷನ್ ಕೇಳಿದ್ದೇನೆ. ನಾನೂ ಬರುತ್ತೇನೆ, ಗುಬ್ಬಿಯ ಪಕ್ಕ ಕೂರುತ್ತೇನೆ, ಕನ್ನಡಿಯಲ್ಲಿ ನಿಮ್ಮ ಕಣ್ಣು ನೋಡುತ್ತಿರುತ್ತೇನೆ ಅಂದೆ. ನೋಡು ಅಂದರು. ಬೇಸರ ಮಾಡಿಕೊಂಡಂತೆ ಕಾಣಲಿಲ್ಲ. ಕಂಡಿದ್ದರೂ ಬಿಡುತ್ತಿರಲಿಲ್ಲ.

ಮಾರ್ಚ್ 16, ಸೋಮವಾರ. ಬೆಳಿಗ್ಗೆ 7.52

ಕಾರಿನಲ್ಲಿ. ಅಕ್ಷರ ಕುಣಿಯುತ್ತಿದೆ. ರಾತ್ರಿ ನನ್ನದು ಒಂದೂಮುಕ್ಕಾಲು. ಗುಬ್ಬಿಯ ಬೆಲ್ಟು ನೋಡಿದೆ, ಮೂರು ಸಲ. ಕನ್ನಡಿಯಲ್ಲಿ ಇವರ ಕಣ್ಣು — ತೆರೆದಿದೆ.

7.58

ಮೊದಲ ಸಿಗ್ನಲ್. ತೆರೆದಿದೆ. ಒಂದು ಸಲ ಕನ್ನಡಿಯಲ್ಲೇ ನನ್ನನ್ನು ನೋಡಿದರು. ಮುಂದೆ ನೋಡಿ ಅಂದೆ.

8.05

ಪೆಟ್ರೋಲ್ ಬಂಕ್ ದಾಟಿತು. ಗುಬ್ಬಿ ಬೆರಳು ಹಿಡಿದುಕೊಂಡಿದ್ದಾಳೆ, ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ. ಬಿಸಿಲು. ಕಾರು ಮೆಲ್ಲಗೆ, ತೊಟ್ಟಿಲ ಹಾಗೆ. ಮುಂದೆ ಸೇತುವೆ. ಲಾರಿ ಒಂದಿದೆ, ದೂರ ಇದೆ. ಇವರು ಬ್ರೇಕು ಮುಟ್ಟಿದರು, ಹಗುರವಾಗಿ, ಬಿಟ್ಟರು. ತೆರೆದಿದೆ. ಇಳಿಜಾರು ಮುಗಿಯುವ ತನಕ ನಾನು ನೋಡುತ್ತಲೇ ಇರಬೇಕು. ಇವರ ಕಣ್ಣು ತೆರೆದೇ ಇದೆ. ಗುಬ್ಬಿಯದು ಮುಚ್ಚಿತು. ನನ್ನ