ಹೊಗ್ಲಾ ಬರೆಸಿದ ಮೊರೆ

ಸೀವಾನ್ ತಿಂಗಳ ೯, ಬೆಳಗ್ಗೆ

ಹಬ್ಬ ಮುಗಿದರೂ ದೇವಾಲಯದ ಅಂಗಳದಲ್ಲಿ ಮೊರೆ ಬರೆಸುವವರ ಸಾಲು ಕರಗಿಲ್ಲ. ಮೊದಲು ಬೆನ್ನುನೋವಿನ ಮುದುಕ. ಆಮೇಲೆ ಕುರಿ ಕಳೆದುಕೊಂಡವನು. ಇಬ್ಬರಿಗೂ ಮಾಮೂಲಿನ ಸಾಲೇ ಬರೆದುಕೊಟ್ಟೆ — ನನ್ನನ್ನು ಕಂಡು ನಗುವವರ ತಲೆ ತಗ್ಗಲಿ. ಮಸಿ ತೆಳುವಾಗಿದೆ.

ಮೂರನೆಯವಳು ಹೊಗ್ಲಾ. ನಮ್ಮ ಬೀದಿಯ ವಿಧವೆ.

ತಿಂಗಳ ಮೊದಲ ದಿನ ಅವಳು ನಮಗೆ ನಿಷಿದ್ಧವಾದ ಗುಡ್ಡದ ವಿಗ್ರಹಕ್ಕೆ ಧೂಪ ಹಾಕುತ್ತಿದ್ದಳೆಂದು ಮೈದುನ ರೆಕೆಮ್ ಊರ ಬಾಗಿಲಲ್ಲಿ ನ್ಯಾಯ ಹೇಳುವ ಹಿರಿಯರಿಗೆ ದೂರಿದ್ದಾನೆ. ಅವಳನ್ನು ಹೊರಹಾಕಿದರೆ ಅಣ್ಣನ ಮನೆ ಅವನಿಗೆ. ಇದೇ ತಿಂಗಳ ಹನ್ನೆರಡನೇ ದಿನ ತೀರ್ಪು.

ಅಳಲಿಲ್ಲ. ಎದುರು ಕುಳಿತು ಹೇಳತೊಡಗಿದಳು.

"ನಾನು ದೇವರ ಮನೆ ಆಳು. ಆಳಿನ ಮುಖಕ್ಕೆ ಉಗಿದ್ರೆ ಯಜಮಾನನಿಗೆ ಸಿಡಿಯಲ್ವಾ? ನನ್ನ ಮಾನ ಹೋದ್ರೆ ನಿನ್ನ ಹೆಸರೂ ಹೋಗತ್ತೆ ಅಂತ ಬರೀರಿ, ಅಯ್ಯಾ."

ದೇವರಿಗೆ ಹೀಗೆ ಹೇಳಬಹುದೇ ಎಂದೆ.

"ಇನ್ಯಾರಿಗೆ ಹೇಳ್ಲಿ?"

ಬರೆದೆ. ಕೊನೆಗೆ ಇನ್ನೊಂದು ಸಾಲು ಸೇರಿಸಲು ಹೇಳಿದಳು — ಕಂಡವರೂ ಬಾಯಿ ಬಿಡಲಿಲ್ಲ. ಹೇಳುವಾಗ ನನ್ನತ್ತ ನೋಡಲಿಲ್ಲ.

ಅದೇ ದಿನ, ಸಂಜೆ

ಕಂಡವನು ನಾನೇ. ಆ ದಿನ, ರೆಕೆಮ್ ಹೇಳಿದ ಹೊತ್ತಿಗೆ ಅವಳಿದ್ದದ್ದು ಕೆಳಗಿನ ನೀರಿನ ಊಟೆಯ ಬಳಿ. ತನ್ನ ತಾಯಿಯ ಹಾಸಿಗೆಬಟ್ಟೆ ಒಗೆಯುತ್ತಿದ್ದಳು. ನನ್ನ ಕಾಲಿಗೆ ನೀರು ಹುಯ್ದಳು. ತಾಯಿಯ ಕೆಮ್ಮಿನ ಮಾತಾಡಿದಳು.

ರೆಕೆಮ್ ನಮ್ಮ ದೇವಾಲಯದ ಗಾಯಕರ ಮುಖ್ಯಸ್ಥನ ಅಳಿಯ. ಹಬ್ಬದಲ್ಲಿ ಮೊದಲ ದನಿ ನನ್ನದೆಂದು ಮಾತಾಗಿತ್ತು; ಬಾಯಿ ಬಿಟ್ಟಿದ್ದರೆ ಅದು ತಪ್ಪುತ್ತಿತ್ತು. ಹಾಡಿದೆ. ಚೆನ್ನಾಗಿತ್ತೆಂದರು ಎಲ್ಲರೂ…

ಸೀವಾನ್ ೧೧

ನಿನ್ನೆ ಏನೂ ಬರೆಯಲಾಗಲಿಲ್ಲ.

ಬರೆಸಿದ ಮೊರೆಗಳನ್ನು ದೇವಾಲಯದಲ್ಲಿ ನಾವು ಗಾಯಕರೇ ಹಾಡುತ್ತೇವೆ; ಇಂದು ಅವಳ ಮೊರೆ ಹಾಡುವ ಸರದಿ ನನ್ನದೇ. "ಗುಡ್ಡದ ಪೂಜಾರಿಣಿ ಬಂದ್ಲು, ದಾರಿ ಬಿಡ್ರೋ" ಎಂದ ಯಾರೋ. ನಾಲ್ಕು ಜನ ನಕ್ಕರು. ಅವಳು ತಿರುಗಿ ನೋಡಲಿಲ್ಲ.

ಕಂಡವರ ಆ ಕೊನೆಯ ಸಾಲು ಬಿಟ್ಟುಬಿಡೋಣ ಅನ್ನಿಸಿತ್ತು. ಬಿಡಲಿಲ್ಲ, ಹಾಡಿದೆ. ದನಿ ಒಂದಿಷ್ಟೂ ನಡುಗಲಿಲ್ಲ. ಪಳಗಿದ ಗಂಟಲು. ನಾಚಿಕೆಯಾದದ್ದು ಅದಕ್ಕೇ.

ಸೀವಾನ್ ೧೨, ಮಧ್ಯಾಹ್ನ

ಊರ ಬಾಗಿಲಿಗೆ ಹೋದೆ. ಎದ್ದುನಿಂತು ಕಂಡದ್ದನ್ನು ಹೇಳಿದೆ. ಊಟೆ, ಬಟ್ಟೆ, ಹೊತ್ತು — ಎಲ್ಲ. ಹಿರಿಯ ಮೆಷುಲ್ಲಾಮ್ ರೆಕೆಮ್‌ನ ಕಡೆ ತಿರುಗಿ, ನೀನು ಎಷ್ಟು ದೂರದಿಂದ ನೋಡಿದೆ ಎಂದು ಕೇಳಿದರು. ಅವನು ಮೊದಲು ಗುಡ್ಡದ ಬುಡ ಎಂದ, ಆಮೇಲೆ ಯಾರೋ ಹೇಳಿದ್ದೆಂದ. ದೂರು ಬಿದ್ದುಹೋಯಿತು. ಮನೆ ಹೊಗ್ಲಾಳಿಗೇ ಉಳಿಯಿತು.

ಮೆಷುಲ್ಲಾಮ್ ತಾವೇ ಎದ್ದು, ಸಮಾಧಾನದಿಂದ ಹೋಗು ಮಗಳೇ, ಎಂದು ಅವಳನ್ನು ಎಲ್ಲರೆದುರು ಹರಸಿದರು. ನಿನ್ನೆ ನಕ್ಕವರು ಸರಿದು ದಾರಿ ಬಿಟ್ಟರು. ಗಾಯಕರ ಮುಖ್ಯಸ್ಥ ನನ್ನ ಮುಖ ನೋಡದೆ ಎದ್ದುಹೋದ. ಇನ್ನು ನನಗೆ ಹಾಡುವವರ ಹಿಂದಿನ ಸಾಲೇ ಗತಿ. ಇರಲಿ.

ಆದರೆ ಅವಳು ಹೋಗಲಿಲ್ಲ, ನಿಂತೇ ಇದ್ದಳು. ಮೆಷುಲ್ಲಾಮ್ ನನ್ನತ್ತ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಇಷ್ಟು ದಿನ ಯಾಕೆ ಸುಮ್ನಿದ್ದೆ, ಉಜ್ಜೀಯೇಲ?"

ಎಲ್ಲರೂ ಕಾಯುತ್ತಿದ್ದರು. ಅವಳೂ. ಈ ಸಲ ಅವಳು ನೇರವಾಗಿ ನನ್ನನ್ನೇ ನೋಡುತ್ತಿದ್ದಳು. ಬಾಯಿ ತೆರೆದೆ. "ಹಬ್ಬದ ಮೊದಲ ದನಿ ನನಗೆ ಬೇಕಿತ್ತು," ಎಂದೆ.